ನಾಡಿ ಸಿಗಲಿಲ್ಲ ಎಂದ ವಿದ್ಯಾರ್ಥಿನಿ: ನವಜಾತ ಶಿಶು ತಪಾಸಣೆಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಮಗುವಿಗೆ ಏನೂ ಆಗಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೃದಯ ಚೆನ್ನಾಗಿತ್ತು. ಒಂದು ರಾತ್ರಿ ಜಾಸ್ತಿ ಆಸ್ಪತ್ರೆಯಲ್ಲಿದ್ದು ತಾಯಿಯ ಜೊತೆ ಮನೆಗೆ ಹೋಯಿತು. ಆದರೂ ಬರೆಯಬೇಕು ಅನ್ನಿಸಿದ್ದು ಆ ಮಗುವನ್ನು ತಪಾಸಣೆ ಮಾಡಿದ ವಿದ್ಯಾರ್ಥಿನಿಗಾಗಿ. ಅವಳು ಸರಿಯಾದ ಕೆಲಸ ಮಾಡಿದಳು. ಆಮೇಲೆ ಕೆಲವು ವಾರ ಅದೇ ಕೆಲಸ ಮಾಡಲು ಹೆದರಿದಳು. ಅವಳನ್ನು ಹೆದರಿಸಬೇಕೆಂದು ಯಾರೂ ಹೊರಟಿರಲಿಲ್ಲ. ವಾರ್ಡಿನ ಅವಸರ, ಒಂದು ಫಾರಂ, ಯಾರೋ ಸುಮ್ನೆ ಆಡಿದ ಒಂದೆರಡು ಮಾತು ಸೇರಿ ಹಾಗಾಯಿತು. ಯಾರ ಗುರುತೂ ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಹೆರಿಗೆಯ ನಂತರದ ವಾರ್ಡಿನಲ್ಲಿ ಮಿಡ್‌ವೈಫರಿ, ಅಂದರೆ ಹೆರಿಗೆ ಮತ್ತು ಬಾಣಂತಿ-ಮಗುವಿನ ಆರೈಕೆ, ಓದುವ ವಿದ್ಯಾರ್ಥಿಗಳ ಕಲಿಕೆ ನೋಡಿಕೊಳ್ಳುವುದು ನನ್ನ ಕೆಲಸ. ಮಗು ಹುಟ್ಟಿದ ಕೂಡಲೇ ಒಂದು ಸಲ ನೋಡುತ್ತೇವೆ. ಉಸಿರು, ಬಣ್ಣ, ಅಳು, ಮೇಲ್ನೋಟಕ್ಕೆ ಕಾಣುವ ದೋಷಗಳು, ಅಷ್ಟೇ. ಎರಡನೆಯದು ತಲೆಯಿಂದ ಪಾದದವರೆಗಿನ ಪೂರ್ತಿ ತಪಾಸಣೆ. ಬ್ರಿಟನ್‌ನಂಥ ದೇಶಗಳಲ್ಲಿ ಇದು 72 ಗಂಟೆಯ ಒಳಗೆ ಮುಗಿಯಬೇಕು. ಆರರಿಂದ ಎಂಟು ವಾರಕ್ಕೆ ಇನ್ನೊಮ್ಮೆ ನೋಡುತ್ತಾರೆ. ಕಣ್ಣು, ಹೃದಯ, ಸೊಂಟದ ಕೀಲು, ಗಂಡು ಮಗುವಾದರೆ ವೃಷಣ, ಈ ನಾಲ್ಕರ ಮೇಲೆ ವಿಶೇಷ ಗಮನ ಇರುತ್ತದೆ.

ಬಹಳ ಕಾಲ ಇದು ಕಿರಿಯ ವೈದ್ಯರ ಕೆಲಸವಾಗಿತ್ತು. ಆಸಕ್ತಿಯಿದ್ದ ಮಿಡ್‌ವೈಫ್‌ಗಳು ಬೇರೆ ಕೋರ್ಸ್ ಮಾಡಿ ಕಲಿಯುತ್ತಿದ್ದರು. ಬ್ರಿಟನ್‌ನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ 2019ರಲ್ಲಿ ಹೊರಡಿಸಿದ ಮಾನದಂಡಗಳಲ್ಲಿ ಈ ಪೂರ್ತಿ ತಪಾಸಣೆ ಮೂಲ ತರಬೇತಿಯ ಭಾಗವೇ ಆಯಿತು. ಅಂದರೆ ಓದು ಮುಗಿಸುವ ಹೊತ್ತಿಗೆ ವಿದ್ಯಾರ್ಥಿಗೆ ಇದು ಬರಬೇಕು. ನನಗೆ ಇದು ಒಳ್ಳೆಯ ಬದಲಾವಣೆ ಅನ್ನಿಸುತ್ತದೆ. ತಾಯಿಯ ಬಸಿರಿನ ಕಥೆ ಗೊತ್ತಿರುವವರು, ಮಗು ಹಾಲು ಹೇಗೆ ಕುಡಿಯುತ್ತದೆ ಎಂದು ನಾಲ್ಕು ಸಲ ನೋಡಿದವರು ಮಗುವನ್ನು ಮುಟ್ಟಿ ನೋಡುವುದು ಸರಿಯೇ. ಆದರೆ ಕೆಲಸ ಹೆಗಲಿಗೆ ಬಂದಾಗ ಅದರ ಜೊತೆ ಸಮಯವೂ ಬರಬೇಕು, ಅಲ್ವಾ? ಅದು ಬಹಳ ಕಡೆ ಬಂದಿಲ್ಲ.

ಈ ತಪಾಸಣೆಯಲ್ಲಿ ಎಷ್ಟು ಸಂಗತಿ ಇದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಮಗು ಶಾಂತವಾಗಿರುವಾಗಲೇ ಮೊದಲು ನೋಡಬೇಕು, ಆಮೇಲೆ ಕೇಳಬೇಕು, ಕೊನೆಗೆ ಮುಟ್ಟಬೇಕು. ಉಸಿರು ಎಣಿಸುವುದು, ಎದೆಗೆ ಸ್ಟೆತಸ್ಕೋಪ್ ಇಡುವುದು ಅಳು ಶುರುವಾಗುವ ಮೊದಲೇ ಆಗಬೇಕು. ಕಣ್ಣು ತೆರೆದರೆ ಆ ಕ್ಷಣದಲ್ಲೇ ಬೆಳಕು ಹಾಯಿಸಿ ಕೆಂಪು ಹೊಳಪು ಕಾಣುತ್ತದಾ ಎಂದು ನೋಡಬೇಕು. ಬಿಳಿ ಹೊಳಪು ಕಂಡರೆ, ಅಥವಾ ಹೊಳಪೇ ಇಲ್ಲದಿದ್ದರೆ, ಕಣ್ಣಿನ ಪೊರೆಯಿಂದ ಹಿಡಿದು ಕಣ್ಣಿನ ಗೆಡ್ಡೆಯವರೆಗೆ ಏನೂ ಇರಬಹುದು. ಅಂಗುಳನ್ನು ಬೆರಳಿಂದ ಸವರಿದರೆ ಸಾಲದು. ಟಾರ್ಚ್ ಹಿಡಿದು ಹಿಂದಿನ ಮೆತ್ತನೆಯ ಭಾಗದವರೆಗೆ ಕಣ್ಣಾರೆ ನೋಡಬೇಕು, ಇಲ್ಲದಿದ್ದರೆ ಅಲ್ಲಿನ ಸೀಳು ತಪ್ಪಿಹೋಗುತ್ತದೆ. ಸೊಂಟದ ಕೀಲಿನ ಪರೀಕ್ಷೆ ಕೊನೆಗೆ, ಯಾಕೆಂದರೆ ಅದಕ್ಕೆ ಮಗು ಅಳುತ್ತದೆ. ಇಟಲಿಯ ಒರ್ಟೊಲಾನಿ 1937ರಲ್ಲಿ, ಇಂಗ್ಲೆಂಡಿನ ಬಾರ್ಲೋ 1962ರಲ್ಲಿ ವಿವರಿಸಿದ ಎರಡು ಕೈಚಳಕಗಳು ಇವತ್ತಿಗೂ ಅವರ ಹೆಸರಲ್ಲೇ ಇವೆ. ಎರಡಕ್ಕೂ ಮೃದುವಾದ ಕೈ ಬೇಕು. ಜೋರು ಮಾಡಿದರೆ ಏನೂ ತಿಳಿಯುವುದಿಲ್ಲ, ಮಗುವಿಗೆ ನೋವು ಬೇರೆ.

ಇವೆಲ್ಲದರ ನಡುವೆ ತೊಡೆಸಂದಿನ ನಾಡಿ. ಓದುವಾಗ ಒಂದೇ ಸಾಲು: ಎರಡೂ ತೊಡೆಸಂದಿನಲ್ಲಿ ನಾಡಿ ಮುಟ್ಟಿ ನೋಡಿ. ಮಾಡುವಾಗ ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಕಾಡುವುದು ಇದೇ. ಡಯಾಪರ್ ಬಿಚ್ಚಿದ ಕೂಡಲೇ ಮಗು ಕಾಲು ಮಡಚಿಕೊಳ್ಳುತ್ತದೆ. ಸ್ವಲ್ಪ ಜಾಸ್ತಿ ಒತ್ತಿದರೆ ನಾಡಿಯೇ ಮುಚ್ಚಿಹೋಗುತ್ತದೆ. ಒದ್ದೆ ಕಾಗದವನ್ನು ಹರಿಯದಂತೆ ಮುಟ್ಟುವಷ್ಟು ಹಗುರವಾಗಿ ಬೆರಳು ಇಡಬೇಕು. ಮಗು ತಣ್ಣಗಾಗಿದ್ದರೂ ಕಷ್ಟ. ಇನ್ನೊಂದು ತೊಡಕು ಇದೆ. ಗಾಬರಿಯಾದಾಗ ನಮ್ಮದೇ ಬೆರಳ ತುದಿಯ ಬಡಿತ ಮಗುವಿನದು ಅನ್ನಿಸಿಬಿಡುತ್ತದೆ.

ಅಲ್ಲಿ ಯಾಕೆ ಹುಡುಕುತ್ತೇವೆ? ಹೃದಯದಿಂದ ಹೊರಟ ಮಹಾಪಧಮನಿ ಕೆಲವು ಮಕ್ಕಳಲ್ಲಿ ಒಂದು ಕಡೆ ಕಿರಿದಾಗಿರುತ್ತದೆ. ಇದನ್ನು ಕೋಆರ್ಕ್ಟೇಷನ್ ಎನ್ನುತ್ತಾರೆ. ತಲೆಗೆ ಮತ್ತು ಬಲಗೈಗೆ ರಕ್ತ ಚೆನ್ನಾಗಿಯೇ ಹೋಗುತ್ತದೆ. ದೇಹದ ಕೆಳಭಾಗಕ್ಕೆ ಕಡಿಮೆಯಾಗುತ್ತದೆ. ಗರ್ಭದಲ್ಲಿ ತೆರೆದಿದ್ದ ಡಕ್ಟಸ್ ಎಂಬ ಸಣ್ಣ ದಾರಿ ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಅಲ್ಲಿಯವರೆಗೆ ಕೆಳಭಾಗಕ್ಕೆ ಹೇಗೋ ರಕ್ತ ಸಿಗುತ್ತದೆ. ಅದು ಮುಚ್ಚಿಕೊಂಡಾಗ ಮಗು ಕುಸಿಯುತ್ತದೆ. ಸಾಮಾನ್ಯವಾಗಿ ಮನೆಗೆ ಹೋದ ಮೇಲೆ, ಮೊದಲ ಎರಡು ವಾರದ ಒಳಗೆ. ಆದ್ದರಿಂದ ಡಿಸ್ಚಾರ್ಜ್ ಮೊದಲಿನ ಈ ಒಂದು ಬೆರಳಿನ ಪರೀಕ್ಷೆಗೆ ಅಷ್ಟು ಬೆಲೆ.

ಆ ಬೆಳಗ್ಗೆ

ಹೆಣ್ಣು ಮಗು. 39 ವಾರಕ್ಕೆ ಸಹಜ ಹೆರಿಗೆ, ತೂಕ 3.1 ಕಿಲೋ. ತಪಾಸಣೆಯ ಹೊತ್ತಿಗೆ ಹುಟ್ಟಿ ಸುಮಾರು 30 ಗಂಟೆ ಆಗಿತ್ತು. ಮನೆತನದಲ್ಲಿ ಹೃದಯದ ಕಾಯಿಲೆ ಇರಲಿಲ್ಲ. ಬಸಿರಿನಲ್ಲಿ ಮಾಡಿದ ಸ್ಕ್ಯಾನ್ ಸರಿಯಾಗಿತ್ತು. ಮಧ್ಯಾಹ್ನ ಡಿಸ್ಚಾರ್ಜ್ ಎಂದು ಬರೆದಾಗಿತ್ತು. ಆ ಹಾಸಿಗೆಗೆ ಇನ್ನೊಬ್ಬ ಬಾಣಂತಿ ಹೆರಿಗೆ ಕೋಣೆಯಲ್ಲಿ ಕಾಯುತ್ತಿದ್ದರು.

ವಿದ್ಯಾರ್ಥಿನಿ ಕೊನೆಯ ವರ್ಷದವಳು. ಅವಳ ಜೊತೆ ಇದ್ದ ಮಿಡ್‌ವೈಫ್ ಅನುಭವಿ, ಮಾತು ಕಡಿಮೆ. ಆ ದಿನ ಅವರ ಪಾಲಿಗೆ ತಾಯಂದಿರೂ ಜಾಸ್ತಿ. ತಪಾಸಣೆ ನಡೆದದ್ದು ಹಾಸಿಗೆಯ ಪಕ್ಕದಲ್ಲೇ, ಪರದೆ ಎಳೆದುಕೊಂಡು. ಅದಕ್ಕೆಂದೇ ಒಂದು ಕೋಣೆ ಇದೆ. ಆದರೆ ಅಲ್ಲಿ ಸಾಮಾನು ತುಂಬಿತ್ತು. ಮಧ್ಯೆ ಯಾರೋ ಪರದೆ ಸರಿಸಿ ಔಷಧಿ ಬೀರುವಿನ ಕೀಲಿ ಕೇಳಿದರು. ಇನ್ಯಾರೋ ಫೋನ್ ಇದೆ ಎಂದು ಮಿಡ್‌ವೈಫನ್ನು ಕರೆದರು. ಇದೆಲ್ಲ ಅಲ್ಲಿ ದಿನನಿತ್ಯದ ಮಾತು. ಅದಕ್ಕೇ ಯಾರ ಲೆಕ್ಕಕ್ಕೂ ಬರುವುದಿಲ್ಲ.

ವಿದ್ಯಾರ್ಥಿನಿ ಕ್ರಮವಾಗಿಯೇ ನೋಡಿದಳು. ಬಣ್ಣ ಚೆನ್ನಾಗಿತ್ತು. ಉಸಿರು ನಿಮಿಷಕ್ಕೆ 44. ಹೃದಯ ಬಡಿತ 136, ಮರ್ಮರ್ (ಬಡಿತದ ನಡುವೆ ಕೇಳುವ ಹೆಚ್ಚುವರಿ ಸದ್ದು) ಇಲ್ಲ. ಕಣ್ಣು ಸರಿ, ಅಂಗುಳು ಸರಿ. ತೊಡೆಸಂದಿಗೆ ಬಂದಾಗ ಎಡಗಡೆ ಸಿಗಲಿಲ್ಲ. ಬಲಗಡೆಯೂ ಸಿಗಲಿಲ್ಲ. ಮಗುವಿಗೆ ಹೊದಿಸಿ, ಕಾಯ್ದು, ಮತ್ತೆ ನೋಡಿದಳು. ಬಲಗೈ ತೋಳಿನ ನಾಡಿ ಸ್ಪಷ್ಟವಾಗಿ ಬಡಿಯುತ್ತಿತ್ತು. ತೊಡೆಸಂದಿನಲ್ಲಿ ಏನೋ ಇದ್ದಂತೆ, ಇಲ್ಲದಂತೆ.

ಅವಳು ಆಮೇಲೆ ನನಗೆ ಹೇಳಿದ್ದು: “ಮಗುವಿಗೆ ಏನೋ ಆಗಿದೆ ಅಂತ ನನಗೆ ಮೊದಲು ಹೊಳೀಲೇ ಇಲ್ಲ. ನನಗೆ ಇನ್ನೂ ಬರಲ್ಲ ಅಂತಲೇ ಅಂದ್ಕೊಂಡೆ.”

ಈ ಮಾತನ್ನು ಬೇರೆ ವಿದ್ಯಾರ್ಥಿಗಳಿಂದಲೂ ಕೇಳಿದ್ದೇನೆ. ಸಿಗದ ನಾಡಿ ಅವರಿಗೆ ಮಗುವಿನ ವಿಷಯ ಆಗುವುದಿಲ್ಲ, ತಮ್ಮ ಕೈಯ ವಿಷಯ ಆಗುತ್ತದೆ. ಅಲ್ಲಿಂದ ಎರಡು ದಾರಿ. ಒಂದು, ಬಾಯಿ ಬಿಟ್ಟು ಹೇಳುವುದು. ಇನ್ನೊಂದು, ಇರಬೇಕು ಬಿಡು ಎಂದು ಮುಂದೆ ಹೋಗುವುದು. ಎರಡನೆಯದರಲ್ಲಿ ಸುಳ್ಳು ಹೇಳುವ ಉದ್ದೇಶ ಇರುವುದಿಲ್ಲ. ಬಹುತೇಕ ಎಲ್ಲ ಮಕ್ಕಳಲ್ಲೂ ನಾಡಿ ಇರುತ್ತದೆ ಎಂದು ಗೊತ್ತು. ಹಾಗಾಗಿ ಈ ಮಗುವಿನಲ್ಲೂ ಇದೆ ಎಂದು ಮನಸ್ಸೇ ತುಂಬಿಕೊಡುತ್ತದೆ.

ಅವಳು ಹೇಳಿದಳು. “ಸಿಸ್ಟರ್, ನನಗೆ ನಾಡಿ ಸಿಗಲಿಲ್ಲ. ಎರಡೂ ಕಡೆ.”

ತಾಯಿ ತಕ್ಷಣ ಎದ್ದು ಕೂತರು. “ಏನಾದ್ರೂ ತೊಂದರೆ ಇದ್ಯಾ?”

ಮಿಡ್‌ವೈಫ್ ಆಗ ನಡೆದುಕೊಂಡ ರೀತಿ ನನಗೆ ತುಂಬಾ ಮೆಚ್ಚುಗೆಯಾಯಿತು. ಏನಿಲ್ಲ ಎನ್ನಲಿಲ್ಲ. ವಿದ್ಯಾರ್ಥಿ ಕಲಿಯುತ್ತಿದ್ದಾಳೆ ಎಂದೂ ಜಾರಿಕೊಳ್ಳಲಿಲ್ಲ. ಅವರು ಹೇಳಿದ್ದು ಇಷ್ಟು: “ಮಗು ಬೆಚ್ಚಗಿದೆ, ಹಾಲು ಕುಡೀತಿದೆ, ಉಸಿರು ಚೆನ್ನಾಗಿದೆ. ಕಾಲಿನ ನಾಡಿ ಮಾತ್ರ ಈಗ ಬೆರಳಿಗೆ ಸರಿಯಾಗಿ ಸಿಗ್ತಿಲ್ಲ. ನಾನೂ ನೋಡ್ತೀನಿ. ನನಗೂ ಸಿಗದಿದ್ರೆ ಡಾಕ್ಟರನ್ನ ಕರೀತೀನಿ. ನಿಮಗೆ ಹೇಳದೆ ಏನೂ ಮಾಡಲ್ಲ.” ಹಾಗೆ ಹೇಳಿ ತಾವೂ ನೋಡಿದರು. ಬಲಗಡೆ ತೀರಾ ಸಣ್ಣಗೆ ಸಿಕ್ಕಿತು ಅನ್ನಿಸಿತು. ಎಡಗಡೆ ಇಲ್ಲ.

ಬಲಗೈ ಮತ್ತು ಪಾದಕ್ಕೆ ಪಲ್ಸ್ ಆಕ್ಸಿಮೀಟರ್ ಹಾಕಿದರು. ರಕ್ತದಲ್ಲಿನ ಆಮ್ಲಜನಕದ ಪ್ರಮಾಣ, ಅಂದರೆ ಸ್ಯಾಚುರೇಶನ್, ಕೈಯಲ್ಲಿ ಶೇಕಡಾ 98, ಪಾದದಲ್ಲಿ 97. ಪಾಸು.

ಎರಡು ಫೋನ್ ಕರೆ

ಮೊದಲ ಕರೆ ವಿದ್ಯಾರ್ಥಿನಿಯೇ ಮಾಡಿದಳು. ಕಲಿಯಲಿ ಎಂದು ಮಿಡ್‌ವೈಫ್ ಅವಳ ಕೈಗೆ ಫೋನ್ ಕೊಟ್ಟರು. ಅವಳು ಹೇಳಿದ್ದು ಹೀಗೆ: “ಡಾಕ್ಟ್ರೇ, ಒಂದು ಮಗುವಿನ ತೊಡೆ ನಾಡಿ ಸರಿಯಾಗಿ ಗೊತ್ತಾಗ್ತಿಲ್ಲ, ಬಹುಶಃ ನನಗೇ ಸಿಗ್ತಿಲ್ವೇನೋ, ಸ್ಯಾಚುರೇಶನ್ ಚೆನ್ನಾಗಿದೆ.” ಆ ಕಡೆ ಕಿರಿಯ ವೈದ್ಯರು ತುರ್ತು ಸಿಸೇರಿಯನ್‌ಗೆ ನಿಂತಿದ್ದರು. “ಸ್ಯಾಚುರೇಶನ್ ಸರಿ ಇದ್ರೆ ಕಳಿಸಿ, ಆರು ವಾರಕ್ಕೆ ಬಂದಾಗ ನೋಡೋಣ” ಎಂದು ಇಟ್ಟರು.

ವೈದ್ಯರನ್ನು ದೂರಲು ನನಗೆ ಮನಸ್ಸಿಲ್ಲ. ಒಂದು ಕಿವಿ ಫೋನಿಗೆ, ಇನ್ನೊಂದು ಆಪರೇಷನ್ ಥಿಯೇಟರಿಗೆ. ಕೇಳಿದ ಮಾತಿನಲ್ಲಿ ಅನುಮಾನ ಇದ್ದದ್ದು ಮಗುವಿನ ಬಗ್ಗೆ ಅಲ್ಲ, ಹೇಳಿದವಳ ಕೈ ಬಗ್ಗೆ. ಅವರ ಕಿವಿಗೆ ಬಿದ್ದದ್ದೂ ಅದೇ. ಆದರೆ ಆ ಉತ್ತರ ಸರಿಯಾಗಿರಲಿಲ್ಲ. ಅದಕ್ಕೆ ಎರಡು ಕಾರಣ.

ಮೊದಲನೆಯದು, ಕೋಆರ್ಕ್ಟೇಷನ್ ಇದ್ದರೆ ಆರು ವಾರ ಕಾಯುವುದರಲ್ಲಿ ಅರ್ಥವೇ ಇಲ್ಲ. ಡಕ್ಟಸ್ ಅಷ್ಟು ದಿನ ಕಾಯುವುದಿಲ್ಲ. ಎರಡನೆಯದು, ಆಕ್ಸಿಮೀಟರ್ ಪಾಸು ಎಂದರೆ ಹೃದಯ ಪಾಸು ಎಂದಲ್ಲ. ಅದು ತುಂಬಾ ಒಳ್ಳೆಯ ಪರೀಕ್ಷೆ, ನಿಜ. 2018ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಗಂಭೀರ ಹೃದಯ ದೋಷಗಳಲ್ಲಿ ಸುಮಾರು 76 ಶೇಕಡಾ ಇದರಿಂದ ಸಿಗುತ್ತವೆ. ಅಂದರೆ ನಾಲ್ಕರಲ್ಲಿ ಒಂದು ತಪ್ಪಿಹೋಗುತ್ತದೆ. ಹಾಗೆ ತಪ್ಪುವುದರಲ್ಲಿ ಮುಂದಿರುವುದೇ ಕೋಆರ್ಕ್ಟೇಷನ್. ಆಕ್ಸಿಮೀಟರ್ ಅಳೆಯುವುದು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು, ರಕ್ತ ಎಷ್ಟು ಹರಿಯುತ್ತಿದೆ ಎಂದಲ್ಲ. ಕಾಲಿಗೆ ಕಡಿಮೆ ರಕ್ತ ಹೋದರೂ ಹೋದಷ್ಟರಲ್ಲಿ ಆಮ್ಲಜನಕ ಪೂರ್ತಿ ಇರಬಹುದು. ಹಾಗಿದ್ದಾಗ ಬೆರಳು ಹೇಳುವುದನ್ನು ಯಂತ್ರದ ಅಂಕಿ ಅಳಿಸಿಹಾಕಬಾರದು.

ಎರಡನೇ ಕರೆ ಮಿಡ್‌ವೈಫ್ ಮಾಡಿದರು, ನೇರ ಹಿರಿಯ ಮಕ್ಕಳ ವೈದ್ಯರಿಗೆ. ವಿದ್ಯಾರ್ಥಿನಿ ಪಕ್ಕದಲ್ಲಿ ನಿಂತು ಕೇಳಿದಳು. ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಕೋರಿಕೆ ಎಂಬ ನಾಲ್ಕು ಮೆಟ್ಟಿಲಿನ ಕ್ರಮ ಎಲ್ಲ ಕಡೆ ಕಲಿಸುತ್ತಾರಲ್ಲ, ಅದೇ ಕ್ರಮದಲ್ಲಿ ಅವರು ಹೇಳಿದರು. 30 ಗಂಟೆಯ ಮಗು, ಇವತ್ತು ಡಿಸ್ಚಾರ್ಜ್. ಪೂರ್ತಿ ತಿಂಗಳು ತುಂಬಿ ಹುಟ್ಟಿದ್ದು, ಬೇರೆ ತೊಂದರೆ ಇಲ್ಲ, ಸ್ಯಾಚುರೇಶನ್ 98 ಮತ್ತು 97. ಇಬ್ಬರು ಬೇರೆ ಬೇರೆಯಾಗಿ ನೋಡಿದ್ದೇವೆ, ಎಡ ತೊಡೆಸಂದಿನಲ್ಲಿ ನಾಡಿ ಸಿಗುತ್ತಿಲ್ಲ, ಬಲಗಡೆ ಖಚಿತವಿಲ್ಲ, ತೋಳಿನ ನಾಡಿ ಚೆನ್ನಾಗಿದೆ. ಮನೆಗೆ ಕಳಿಸುವ ಮೊದಲು ನೀವು ಬಂದು ನೋಡಬೇಕು.

ಎರಡೂ ಕರೆಯಲ್ಲಿ ವಿಷಯ ಒಂದೇ. ಎರಡನೆಯದರಲ್ಲಿ ನನಗೇ ಸಿಗ್ತಿಲ್ವೇನೋ ಎಂಬುದು ಇರಲಿಲ್ಲ. ಕೊನೆಯಲ್ಲಿ ಏನು ಬೇಕು ಎಂಬ ಕೇಳಿಕೆ ಇತ್ತು. ವೈದ್ಯರು ಬಂದರು.

ಅವರಿಗೂ ನಾಡಿ ಮಂದ ಅನ್ನಿಸಿತು. ನಾಲ್ಕೂ ಕೈಕಾಲಿನ ರಕ್ತದೊತ್ತಡ ನೋಡಿದರು. ಬಲಗೈ ಮತ್ತು ಕಾಲಿನ ನಡುವೆ 20ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಒಮ್ಮೆ 18 ಬಂತು, ಇನ್ನೊಮ್ಮೆ 9. ಹಸುಗೂಸಿಗೆ ಪಟ್ಟಿ ಕಟ್ಟಿ ಅಳೆಯುವಾಗ ಅದು ಒದ್ದಾಡಿದರೆ ಅಂಕಿ ಹೀಗೇ ಕುಣಿಯುತ್ತದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವವರು ಸಿಗುವುದು ಮರುದಿನ ಬೆಳಗ್ಗೆ. ಮಗುವನ್ನು ಆ ರಾತ್ರಿ ವಾರ್ಡಿನಲ್ಲೇ ತಾಯಿಯ ಹತ್ತಿರ ಇಟ್ಟುಕೊಂಡು ಗಮನಿಸುವುದು ಎಂದಾಯಿತು. ಉಸಿರು, ಬಣ್ಣ, ಹಾಲು ಕುಡಿಯುವುದು, ಕಾಲು ತಣ್ಣಗಿದೆಯಾ ಎಂದು ಕೆಲವು ಗಂಟೆಗೊಮ್ಮೆ ನೋಡಿದರು. ಬೆಳಗ್ಗೆ ಎಕೋದಲ್ಲಿ ಮಹಾಪಧಮನಿ ಸರಿಯಾಗಿತ್ತು, ಡಕ್ಟಸ್ ಮುಚ್ಚಿತ್ತು. ಆ ಹೊತ್ತಿಗೆ ವೈದ್ಯರ ಬೆರಳಿಗೆ ನಾಡಿಯೂ ಎರಡೂ ಕಡೆ ಸಿಕ್ಕಿತು. ಮನೆಗೆ ಕಳಿಸಿದರು.

ಕೇಸ್ ಶೀಟಿನ ಪ್ರಕಾರ ಪ್ರಕರಣ ಅಲ್ಲಿಗೆ ಮುಗಿಯಿತು.

ಆಮೇಲೆ ಆದದ್ದು

ಮಗು ಮನೆಗೆ ಹೋದ ದಿನ ಮಧ್ಯಾಹ್ನ ಡ್ಯೂಟಿ ಬದಲಾಗುವಾಗ ಯಾರೋ ಹೇಳಿದರು, “ಏನೂ ಇಲ್ಲದ್ದಕ್ಕೆ ಒಂದು ಬೆಡ್ ಹೋಯ್ತು.” ಇನ್ನೊಬ್ಬರು ನಗುತ್ತಲೇ ವಿದ್ಯಾರ್ಥಿನಿಗೆ, “ಇನ್ನೊಂದು ಸಲ ಸರಿಯಾಗಿ ಹುಡುಕಮ್ಮ” ಎಂದರು. ಎರಡೂ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಹಿಂದಿನ ರಾತ್ರಿ ಹೆರಿಗೆ ಕೋಣೆಯಲ್ಲಿ ಒಬ್ಬ ಬಾಣಂತಿ ಹಾಸಿಗೆಗಾಗಿ ಬಹಳ ಹೊತ್ತು ಕಾದಿದ್ದು ನಿಜ. ಆದರೆ ಆ ಮಾತು ಬಿದ್ದದ್ದು ಆಗಲೇ ತನ್ನ ಕೈಯನ್ನು ಅನುಮಾನಿಸುತ್ತಿದ್ದವಳ ಕಿವಿಗೆ.

ಸುಮಾರು ಎರಡು ವಾರದ ನಂತರ ನಾನು ಅವಳ ಒಂದು ತಪಾಸಣೆಗೆ ಜೊತೆ ಕೂತೆ. ಕೈ ಚುರುಕಾಗಿತ್ತು. ತೊಡೆಸಂದಿಗೆ ಬೆರಳು ಇಟ್ಟಳು, ತೆಗೆದಳು, ಫಾರಂನಲ್ಲಿ ಟಿಕ್ ಹಾಕಿದಳು. ಎಲ್ಲಾ ಸೇರಿ ಒಂದೆರಡು ಕ್ಷಣ. ಮಗು ಕಾಲು ಒದೆಯುತ್ತಲೇ ಇತ್ತು. ಅಷ್ಟರಲ್ಲಿ ಯಾರಿಗೂ ನಾಡಿ ಸಿಗುವುದಿಲ್ಲ. ತಾಯಿಯ ಮುಂದೆ ಕೇಳುವುದು ಬೇಡ ಅನ್ನಿಸಿ, “ಬಾ, ಇಬ್ಬರೂ ಸೇರಿ ಇನ್ನೊಮ್ಮೆ ನೋಡೋಣ” ಎಂದೆ. ಮಗುವಿಗೆ ಹೊದಿಸಿ, ಬಾಯಿಗೆ ಶುಭ್ರವಾದ ಬೆರಳು ಕೊಟ್ಟು, ಸಮಾಧಾನ ಆದಮೇಲೆ ನೋಡಿದೆವು. ಚೆನ್ನಾಗಿ ಸಿಕ್ಕಿತು, ಎರಡೂ ಕಡೆ. ಹೊರಗೆ ಬಂದ ಮೇಲೆ ಅವಳೇ ಹೇಳಿದಳು: “ಮೊದಲು ಸಿಕ್ಕಿರ್ಲಿಲ್ಲ, ಮೇಡಂ. ಇರತ್ತೆ ಅಂತ ಟಿಕ್ ಹಾಕ್ದೆ. ಮತ್ತೆ ಎಲ್ಲರನ್ನೂ ಓಡಿಸೋದು ಬೇಡ ಅನ್ನಿಸ್ತು.”

ಈ ಪ್ರಕರಣದಲ್ಲಿ ನನ್ನನ್ನು ಕಂಗೆಡಿಸಿದ್ದು ಈ ಮಾತು. ಅವಳು ಸೋಮಾರಿಯಲ್ಲ. ಅವಳ ಓದು ಚೆನ್ನಾಗಿದೆ, ಕೈ ಮೃದು. ಮೊದಲ ಸಲ ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಸಿಕ್ಕ ಪ್ರತಿಫಲದಿಂದ ಅವಳು ಕಲಿತ ಪಾಠ ಇದು. ಮಗುವಿಗೆ ಕಾಯಿಲೆ ಇದ್ದಿದ್ದರೆ ಅವಳನ್ನು ಎಲ್ಲರೂ ಹೊಗಳುತ್ತಿದ್ದರು. ಸಭೆಯಲ್ಲಿ ಅವಳ ಹೆಸರು ಹೇಳುತ್ತಿದ್ದರು. ಆದರೆ ಅವಳು ಮಾಡಿದ ಕೆಲಸ ಎರಡೂ ಸಂದರ್ಭದಲ್ಲಿ ಒಂದೇ, ಅಲ್ವಾ? ಎಕೋದಲ್ಲಿ ಏನು ಕಾಣುತ್ತದೆ ಎಂಬುದು ಅವಳ ಕೈಯಲ್ಲಿರಲಿಲ್ಲ. ಸಿಗದ್ದನ್ನು ಸಿಗಲಿಲ್ಲ ಎನ್ನುವುದಷ್ಟೇ ಅವಳ ಕೈಯಲ್ಲಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ನೋಡಬೇಕು. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8 ಮಕ್ಕಳಿಗೆ ಯಾವುದಾದರೂ ಹೃದಯ ದೋಷ ಇರುತ್ತದೆ. ಅದರಲ್ಲಿ ಬಹಳಷ್ಟು ಸಣ್ಣವು. ಕೋಆರ್ಕ್ಟೇಷನ್ ಹತ್ತು ಸಾವಿರಕ್ಕೆ ಮೂರು, ನಾಲ್ಕು. ವರ್ಷಕ್ಕೆ ಮೂರು ಸಾವಿರ ಹೆರಿಗೆ ಆಗುವ ಆಸ್ಪತ್ರೆಯಲ್ಲಿ ಸರಾಸರಿ ವರ್ಷಕ್ಕೆ ಒಂದು. ಅದರಲ್ಲೂ ಕೆಲವು ಸ್ಕ್ಯಾನಿನಲ್ಲೇ ಗೊತ್ತಾಗಿರುತ್ತವೆ. ಅಂದರೆ ಒಬ್ಬ ಮಿಡ್‌ವೈಫ್ ವರ್ಷಗಟ್ಟಲೆ ತಪಾಸಣೆ ಮಾಡಿದರೂ ಅಂಥ ಮಗು ಅವರ ಕೈಗೆ ಬರದೇ ಇರಬಹುದು. ನಾಡಿ ಸುಲಭವಾಗಿ ಸಿಗದ ಆರೋಗ್ಯವಂತ ಮಕ್ಕಳು ಮಾತ್ರ ಮತ್ತೆ ಮತ್ತೆ ಬರುತ್ತವೆ. ಹಾಗಾಗಿ ಸಿಗಲಿಲ್ಲ ಎಂದು ಹೇಳಿದ ಹೆಚ್ಚಿನ ಸಲ ಕೊನೆಗೆ ಏನೂ ಇರುವುದಿಲ್ಲ. ಈ ತಪಾಸಣೆಯ ಸ್ವಭಾವವೇ ಹಾಗೆ. ಪ್ರತಿ ಸಲವೂ ಒಂದು ನಿಟ್ಟುಸಿರು, ಒಂದು ಕೊಂಕು ಬಂದರೆ, ವರ್ಷಕ್ಕೊಮ್ಮೆ ಬರುವ ಆ ಒಂದು ಮಗುವಿನ ಹೊತ್ತಿಗೆ ಬಾಯಿ ಬಿಡುವವರು ಯಾರೂ ಉಳಿದಿರುವುದಿಲ್ಲ.

ಇನ್ನೊಂದು ಕಡೆಯ ಬೆಲೆಯನ್ನೂ ಮರೆಯಬಾರದು. ಆ ತಾಯಿ ರಾತ್ರಿಯೆಲ್ಲ ಮಗುವಿನ ಎದೆ ಏರಿಳಿಯುವುದನ್ನು ನೋಡುತ್ತಾ ಕೂತಿದ್ದರು. ನಿದ್ದೆ ಇಲ್ಲ. ಬೆಳಗ್ಗೆ ಹಾಲು ಕುಡಿಸುವಾಗ ಕೈ ನಡುಗುತ್ತಿತ್ತು ಎಂದು ರಾತ್ರಿ ಡ್ಯೂಟಿಯವರು ಬರೆದಿದ್ದಾರೆ. ಹೋಗುವ ಮೊದಲು ನಾನು ಅವರ ಜೊತೆ ಮಾತಾಡಿದೆ. ಉಳಿಸಿಕೊಂಡದ್ದಕ್ಕೆ ಅವರಿಗೆ ಬೇಸರ ಇರಲಿಲ್ಲ. “ಆ ಸಿಸ್ಟರ್ ಬೆಳಗ್ಗೆ ಎಲ್ಲ ಬಿಡಿಸಿ ಹೇಳಿದ್ರು. ಆಮೇಲೆ ಸಾಯಂಕಾಲದವರೆಗೂ ಯಾರೂ ಬಂದು ಏನೂ ಹೇಳಲಿಲ್ಲ. ಆಗ ಏನೇನೋ ಯೋಚನೆ ಬಂತು” ಎಂದರು. ವೈದ್ಯರು ನೋಡಿ ಹೋದ ಮೇಲೆ ಡ್ಯೂಟಿ ಬದಲಾಗಿತ್ತು. ಹೊಸದಾಗಿ ಬಂದವರು, ಹಿಂದಿನವರು ಹೇಳಿರುತ್ತಾರೆ ಅಂದುಕೊಂಡಿದ್ದರು. ಅನುಮಾನವನ್ನು ಎತ್ತಿ ಹೇಳುವುದು ಅರ್ಧ ಕೆಲಸ. ಅದು ತೀರುವವರೆಗೆ ತಾಯಿಯ ಜೊತೆ ಒಬ್ಬರು ಇರಬೇಕು. ಆ ಉಳಿದರ್ಧಕ್ಕೆ ಅಲ್ಲಿ ಯಾರ ಹೆಸರೂ ಇರಲಿಲ್ಲ.

ಫಾರಂ

ಆ ವಾರ್ಡಿನ ತಪಾಸಣೆ ಫಾರಂನಲ್ಲಿ ಪ್ರತಿ ಅಂಗದ ಮುಂದೆ ಎರಡು ಚೌಕ. ಸರಿ ಇದೆ, ಸರಿ ಇಲ್ಲ. ತೊಡೆಸಂದಿನ ನಾಡಿಗೂ ಅಷ್ಟೇ. ನೋಡಿದೆ ಆದರೆ ಸಿಗಲಿಲ್ಲ ಎಂದು ಬರೆಯಲು ಜಾಗವೇ ಇಲ್ಲ. ಮಗು ಅಳುತ್ತಿತ್ತು, ಕೇಳಿಸಲಿಲ್ಲ ಎನ್ನಲೂ ಜಾಗವಿಲ್ಲ. ಕಣ್ಣು ಬಿಡಲೇ ಇಲ್ಲ ಎಂದರೂ ಅಷ್ಟೇ. ಸರಿ ಇಲ್ಲ ಎಂಬ ಚೌಕಕ್ಕೆ ಟಿಕ್ ಹಾಕಿದರೆ ವೈದ್ಯರಿಗೆ ಫೋನ್, ಡಿಸ್ಚಾರ್ಜ್ ನಿಲ್ಲುತ್ತದೆ, ತಾಯಿಗೆ ಗಾಬರಿ. ಸರಿ ಇದೆ ಎಂದರೆ ಮುಂದಿನ ಸಾಲಿಗೆ ಹೋಗಬಹುದು. ಖಚಿತವಿಲ್ಲದ ಕೈ ಯಾವ ಕಡೆ ವಾಲುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ವಿದ್ಯಾರ್ಥಿಯ ಮೇಲೆ ಇನ್ನೊಂದು ಒತ್ತಡವೂ ಇದೆ. ಇಂತಿಷ್ಟು ತಪಾಸಣೆ ಮುಗಿಸಿದರೆ ಮಾತ್ರ ಅವಳ ದಾಖಲೆ ಪುಸ್ತಕಕ್ಕೆ ಸಹಿ ಬೀಳುತ್ತದೆ. ಅರ್ಧಕ್ಕೆ ನಿಂತ ತಪಾಸಣೆ ಲೆಕ್ಕಕ್ಕೆ ಬರುವುದಿಲ್ಲ ಎಂಬ ಭಯ.

ನಾನು ಹಳೆಯ ಫಾರಂಗಳನ್ನು ತೆಗೆದು ನೋಡಿದೆ. ಕಂತೆಗಟ್ಟಲೆ ಎಲ್ಲವೂ ಸರಿ. ತೊಡೆಸಂದಿನ ನಾಡಿ ಪ್ರತಿಯೊಂದರಲ್ಲೂ ಸಿಕ್ಕಿದೆ. ಎಷ್ಟು ಕಷ್ಟ ಎಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಒಂದು ಪರೀಕ್ಷೆ ಕಾಗದದ ಮೇಲೆ ಎಂದೂ ಯಾರಿಗೂ ಕಷ್ಟವಾಗಿಲ್ಲ. ಆ ಕಂತೆ ನೋಡಿದಾಗ ಇದು ಒಬ್ಬ ವಿದ್ಯಾರ್ಥಿನಿಯ ಧೈರ್ಯದ ಪ್ರಶ್ನೆ ಅಲ್ಲ ಎಂದು ನನಗೆ ಖಾತ್ರಿಯಾಯಿತು. ನೋಡಿದವರ ಕೈ ಎಷ್ಟೇ ಚೆನ್ನಾಗಿರಲಿ, ಖಚಿತವಿಲ್ಲ ಎನ್ನುವುದಕ್ಕೆ ಕೆಲಸದ ಜಾಗದಲ್ಲಿ ಒಂದು ದಾರಿ ಇರಬೇಕು. ಆ ದಾರಿ ಸಲೀಸಾಗಿಯೂ ಇರಬೇಕು, ಅವಮಾನವಿಲ್ಲದೆಯೂ ಇರಬೇಕು. ಅದಿಲ್ಲದ ಕಡೆ ಎಷ್ಟು ತರಬೇತಿ ಕೊಟ್ಟರೂ ಫಾರಂ ತುಂಬುತ್ತದೆ, ತಪಾಸಣೆ ಆಗುವುದಿಲ್ಲ.

ಏನು ಮಾಡಿದೆವು

ಫಾರಂಗೆ ಮೂರನೇ ಚೌಕ ಸೇರಿಸಲು ಕೇಳಿದೆವು: ಮತ್ತೆ ನೋಡಬೇಕು. ಅದರ ಪಕ್ಕದಲ್ಲಿ ಯಾರು, ಎಷ್ಟು ಗಂಟೆಗೆ ಎಂದು ಬರೆಯಲು ಜಾಗ. ಅಚ್ಚಾದ ಫಾರಂ ಬದಲಾಗಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಪೆನ್ನಿಂದ ಚೌಕ ಬರೆದುಕೊಳ್ಳುತ್ತಿದ್ದೇವೆ. ಆ ಚೌಕಕ್ಕೆ ಟಿಕ್ ಬಿದ್ದರೆ ಮಗುವಿಗೆ ಹಾಲು ಕುಡಿಸಿ, ಬೆಚ್ಚಗೆ ಮಾಡಿ, ಒಂದೆರಡು ಗಂಟೆಯೊಳಗೆ ಬೇರೆ ಒಬ್ಬರು ನೋಡುತ್ತಾರೆ. ಮೊದಲಿನವರಿಗೆ ಏನು ಅನ್ನಿಸಿತು ಎಂದು ಅವರು ಮೊದಲೇ ಕೇಳುವುದಿಲ್ಲ. ಇಬ್ಬರಿಗೂ ಸಿಗದಿದ್ದರೆ ಹಿರಿಯ ವೈದ್ಯರು ಬರುತ್ತಾರೆ, ಆಮೇಲೆಯೇ ಡಿಸ್ಚಾರ್ಜ್. ಕಾಯುವುದು ಮಗು ಚೆನ್ನಾಗಿರುವಾಗ ಮಾತ್ರ. ಬಣ್ಣ, ಉಸಿರು, ಹಾಲು ಕುಡಿಯುವುದು ಇವುಗಳಲ್ಲಿ ಒಂದು ಸರಿಯಿಲ್ಲದಿದ್ದರೂ ತಕ್ಷಣ ಕರೆಯಬೇಕು.

ಈ ಎರಡನೇ ನೋಟದಿಂದ ಸಾಮಾನ್ಯವಾಗಿ ನಾಡಿ ಸಿಕ್ಕಿಬಿಡುತ್ತದೆ. ವೈದ್ಯರಿಗೆ ಫೋನ್ ಮಾಡುವ ಅಗತ್ಯ ಕಡಿಮೆಯಾಗಿದೆ. ಇದು ನನಗೆ ಮೊದಲು ಹೊಳೆದಿರಲಿಲ್ಲ, ಒಂದು ಸಂತೋಷದ ಅಚ್ಚರಿ. ಮೂರನೇ ಚೌಕ ಬಂದರೆ ಕರೆಗಳು ಜಾಸ್ತಿಯಾಗುತ್ತವೆ ಎಂಬುದೇ ವೈದ್ಯರ ಚಿಂತೆಯಾಗಿತ್ತು.

ಸಾಮಾನು ತುಂಬಿದ್ದ ಕೋಣೆ ಖಾಲಿಯಾಯಿತು. ಬೆಚ್ಚಗಿರುವ ಮೇಜು, ಒಳ್ಳೆಯ ಬೆಳಕು, ಬಾಗಿಲಿಗೆ ಒಂದು ಫಲಕ. ತಪಾಸಣೆ ನಡೆಯುವಾಗ ಒಳಗೆ ಕರೆಯಬೇಡಿ ಎಂದು. ಇದಕ್ಕೆ ಹಣ ಖರ್ಚಾಗಲಿಲ್ಲ. ಆದರೂ ಇದಕ್ಕೇ ಅತಿ ಹೆಚ್ಚು ಜಗಳ ಆಡಬೇಕಾಯಿತು. ಸಾಮಾನಿಗೆ ಬೇರೆ ಜಾಗ ಹುಡುಕಬೇಕಿತ್ತಲ್ಲ.

ಕಲಿಸುವ ಕ್ರಮವನ್ನೂ ತಿರುಗಿಸಿದೆ. ಮೊದಲೆಲ್ಲ ವಿದ್ಯಾರ್ಥಿ ಮುಟ್ಟಿ ನೋಡಿದ ಮೇಲೆ, ಸಿಕ್ತಾ ಎಂದು ಕೇಳುವುದು ರೂಢಿ. ಆ ಪ್ರಶ್ನೆಗೆ ಹೌದು ಎನ್ನುವುದೇ ಸುಲಭ. ಈಗ, ನಿನ್ನ ಬೆರಳಿಗೆ ಏನು ಬಂತು ಎಂದು ಕೇಳುತ್ತೇನೆ. ಬಡಿತ ಎಷ್ಟು ವೇಗವಾಗಿತ್ತು, ತೋಳಿನದ್ದರ ಜೊತೆಗೇ ಬಂತಾ, ನಿನ್ನದೇ ನಾಡಿ ಆಗಿರಬಹುದಾ? ಹೀಗೆ ಕೇಳಿದಾಗ ಹೇಳಲು ಏನಾದರೂ ಇರುತ್ತದೆ. ಹೇಳಲು ಏನೂ ಇಲ್ಲದಿದ್ದರೆ ಅದೂ ಗೊತ್ತಾಗುತ್ತದೆ. ಆ ವಿದ್ಯಾರ್ಥಿನಿಯ ಜೊತೆ ಹೀಗೆ ಬಹಳ ಮಕ್ಕಳನ್ನು ನೋಡಿದೆ. ಒಂದು ಮಗುವಿನ ಬಲತೊಡೆಯಲ್ಲಿ ಸಿಗುತ್ತಿಲ್ಲ ಎಂದು ಅವಳು ಯಾರೂ ಕೇಳದೆಯೇ ಹೇಳಿದ ದಿನ, ಆ ಮಿಡ್‌ವೈಫ್ ಪೆನ್ನು ಕೊಟ್ಟು ಮೂರನೇ ಚೌಕ ಬರೆಸಿದರು. ಎರಡು ಗಂಟೆಯ ನಂತರ ಬೇರೊಬ್ಬರಿಗೆ ನಾಡಿ ಸಿಕ್ಕಿತು. ಯಾರೂ ಏನೂ ಅನ್ನಲಿಲ್ಲ. ಅನ್ನದಿರುವುದು ತನ್ನಿಂದ ತಾನೇ ಬರಲಿಲ್ಲ. ವಾರ್ಡಿನ ಮುಖ್ಯಸ್ಥರು ಸಭೆಯಲ್ಲಿ ಹಳೆಯ ಪ್ರಕರಣ ಓದಿಸಿ, ಏನೂ ಇಲ್ಲದ್ದಕ್ಕೆ ಎಂಬ ಮಾತು ಈ ವಿಷಯದಲ್ಲಿ ಇನ್ನು ಬೇಡ ಎಂದು ನೇರವಾಗಿ ಹೇಳಿದ್ದರು. ಕಿರಿಯ ವೈದ್ಯರೂ ಆ ಸಭೆಯಲ್ಲಿದ್ದರು. ಆರು ವಾರ ಎಂದು ಹೇಳಬಾರದಿತ್ತು ಎಂದು ತಾವಾಗಿಯೇ ಒಪ್ಪಿಕೊಂಡರು. ವಿದ್ಯಾರ್ಥಿನಿಗೆ ಬೇರೆ ಯಾವ ಸಮಾಧಾನಕ್ಕಿಂತ ಅದೇ ಹೆಚ್ಚು ಬಲ ಕೊಟ್ಟಿತು ಎಂದು ನನಗೆ ಅನ್ನಿಸಿದೆ.

ಉಳಿದಿರುವುದು ರಾತ್ರಿ. ರಾತ್ರಿ ಡ್ಯೂಟಿಯಲ್ಲಿ ಈ ತಪಾಸಣೆ ಗೊತ್ತಿರುವವರು ಒಬ್ಬರೇ ಇರುತ್ತಾರೆ. ಕೆಲವು ರಾತ್ರಿ ಒಬ್ಬರೂ ಇರುವುದಿಲ್ಲ. ಎರಡನೇ ಬೆರಳು ಎಲ್ಲಿಂದ ಬರಬೇಕು? ಬೆಳಗಿನವರೆಗೆ ಡಿಸ್ಚಾರ್ಜ್ ಇಲ್ಲದಿರುವುದರಿಂದ ಮಗುವನ್ನು ಗಮನಿಸುತ್ತಾ ಕಾಯಬಹುದು, ಆದರೆ ಕಾಯುವುದು ಆ ತಾಯಿ. ಇನ್ನಿಬ್ಬರಿಗೆ ತರಬೇತಿ ಕೊಡಿಸಿ ಎಂದು ಬರೆದುಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ರಾತ್ರಿ ಮೂರನೇ ಚೌಕಕ್ಕೆ ಟಿಕ್ ಬಿದ್ದ ಮಕ್ಕಳ ಪಟ್ಟಿಯನ್ನು ಬೆಳಗಿನ ಡ್ಯೂಟಿಯವರು ಎಲ್ಲಕ್ಕಿಂತ ಮೊದಲು ಕೈಗೆ ತೆಗೆದುಕೊಳ್ಳುತ್ತಾರೆ. ಪಟ್ಟಿಯ ಮೇಲೆ ತಾಯಿಗೆ ವಿಷಯ ತಿಳಿಸಿದವರ ಹೆಸರೂ ಇರಬೇಕು ಎಂದು ಮಾಡಿದ್ದೇವೆ.